ಜಗಲಿಗೇರಿದ ಪುಸ್ತಕ

ಶಾಂಭವಿಯ ಪುಸ್ತಕದಲ್ಲಿ ಒಂದು ಐಬಿದೆ ಎಂಬುದು ಮೊದಲು ಗೊತ್ತಾದದ್ದು ಶಾಂಭವಿಗೇ. ಗೊತ್ತಾಗದೆ ಇರುತ್ತದೆಯೇ? ಪೀಣ್ಯದ ಗಾರ್ಮೆಂಟ್ ಕಾರ್ಖಾನೆಯಲ್ಲಿ ಅವಳ ಕೆಲಸವೇ ಚೆಕಿಂಗ್. ಹೊಲಿದು ಬಂದ ಅಂಗಿಯನ್ನು ಮೇಜಿನ ಮೇಲೆ ಹರವಿ, ಕಾಲರಿನಿಂದ ಕೆಳಗಂಚಿನವರೆಗೆ ಬೆರಳಾಡಿಸಿ, ಬಿಟ್ಟುಹೋದ ದಾರವನ್ನು ಟ್ರಿಮ್ಮರ್ ಎಂಬ ಪುಟ್ಟ ಕತ್ತರಿಯಿಂದ ಕಚ್ಚನೆ ಕತ್ತರಿಸಿ, ಹೊಲಿಗೆ ತಪ್ಪಿದ್ದರೆ ‘ಆಲ್ಟರ್’ ಎಂದು ಪಕ್ಕಕ್ಕೆ ತಳ್ಳುವುದು. ಹಾಗಾಗಿ ರಾಜಗೋಪಾಲನಗರದ ಅವಳ ಬಾಡಿಗೆ ಮನೆಗೆ ಪುಸ್ತಕದ ಕಟ್ಟುಗಳು ಆಟೋದಲ್ಲಿ ಬಂದಿಳಿದಾಗ, ಮೊದಲ ಪ್ರತಿಯನ್ನು ಕಣ್ಣಿಗೊತ್ತಿಕೊಂಡಳು, ಹೊಸ ಕಾಗದದ ವಾಸನೆ ಹೀರಿದಳು, ಆಮೇಲೆ ಅಭ್ಯಾಸ ಬಿಡದೆ ಅಂಚಿನ ಮೇಲೆ ಬೆರಳಾಡಿಸಿದಳು.

ನಡುಮಧ್ಯದಲ್ಲಿ ಬೆರಳು ತಡೆಯಿತು.

ಅಲ್ಲಿನ ಒಂದಷ್ಟು ಹಾಳೆಗಳ ನೆತ್ತಿಗೆ ಕತ್ತರಿಯೇ ಬಿದ್ದಿರಲಿಲ್ಲ. ಮಡಿಕೆ ಬಿಚ್ಚದೆ ಒಂದಕ್ಕೊಂದು ಕೂಡಿಕೊಂಡೇ ಇದ್ದವು. ಸಂದಿಯಲ್ಲಿ ಇಣುಕಬಹುದಿತ್ತು, ತೆರೆದು ಓದುವಂತಿರಲಿಲ್ಲ. ಇನ್ನೊಂದು ಪ್ರತಿ ತೆಗೆದಳು. ಅದೂ ಹಾಗೇ. ಮತ್ತೊಂದು ತೆಗೆದಳು. ಅದೂ ಹಾಗೇ. ಅಚ್ಚು ಹಾಕಿಸಿಕೊಟ್ಟ ಡಿಟಿಪಿ ಅಂಗಡಿಯ ಮುರಳಿಗೆ ಫೋನು ಹಚ್ಚಿದಳು.

“ಅಯ್ಯೋ ಅಕ್ಕ, ಒಂದ್ ಫಾರಂ, ಅಂದ್ರೆ ಒಂದ್ ಮಡಿಕೆ ಹಾಳೆ, ಮಡಚುವಾಗ ಒಳಗೆ ಕೂತ್ಬಿಟ್ಟಿದೆ, ಕಟಿಂಗ್‌ಗೆ ಸಿಕ್ಕಿಲ್ಲ. ಟೆನ್ಷನ್ ತಗೋಬೇಡಿ, ಓದೋರು ಒಂದ್ ಬ್ಲೇಡ್ ತಗೊಂಡು ಕುಯ್ಕೊಂಡು ಓದ್ತಾರೆ. ಯಾರಾದ್ರೂ ಕಂಪ್ಲೇಂಟ್ ಮಾಡಿದ್ರೆ ನನ್ ಹತ್ರ ಕಳಿಸಿ, ನಾನೇ ಕುಯ್ದು, ಒಂದ್ ಟೀನೂ ಕುಡಿಸಿ ಕಳಿಸ್ತೀನಿ.”

ಕೀಲಿಕೈ ಗೊಂಚಲಿನಲ್ಲಿ ಅವಳದೇ ಸ್ವಂತದ ಹಳೆಯ ಟ್ರಿಮ್ಮರ್ ಒಂದು ತೂಗುತ್ತಿತ್ತು. ಕೂತರೆ ಒಂದು ಭಾನುವಾರದಲ್ಲಿ ಎಲ್ಲ ಪ್ರತಿಗಳನ್ನೂ ಬಿಡಿಸಿಬಿಡಬಹುದಿತ್ತು. ಕೈಗೆ ತೆಗೆದುಕೊಂಡವಳು, ಕೂಡಿಕೊಂಡ ಹಾಳೆಗಳು ಯಾವುವು ಎಂದು ನೋಡಿ, ಮೆಲ್ಲಗೆ ಕೆಳಗಿಟ್ಟಳು. ಅಲ್ಲಿದ್ದದ್ದು ಸಿದ್ದಕ್ಕನ ಕಥೆ.

ಸಿದ್ದಕ್ಕ ಆ ವಠಾರದ ಹಿರಿಯಳು, ಎಲ್ಲರಿಗೂ ‘ಆಯಿ’. ತುಮಕೂರು ರಸ್ತೆಯ ಮೇಲ್ಸೇತುವೆಗೆ ಕಂಬ ನಿಲ್ಲಿಸುವ ಕಾಲಕ್ಕೆ ವಿಜಯಪುರದ ಕಡೆಯಿಂದ ಕಾಂಕ್ರೀಟು ಹೊರಲು ಬಂದವಳು. ಈಗ ಮಗ, ಸೊಸೆ, ಮೊಮ್ಮಕ್ಕಳ ನಡುವೆ ಕೂತಿದ್ದರೂ ಅವಳ ಮರ್ಯಾದೆ ನಿಂತಿರುವುದು ಅವಳ ದೇವರ ಜಗಲಿಯ ಮೇಲೆ. ಆ ಜಗಲಿಯಲ್ಲಿ ವಿಭೂತಿ ಬಳಿದ ಅಂಗೈಯಷ್ಟು ಕರಿಕಲ್ಲೊಂದಿದೆ. ಊರ ಮಠದ ಅಜ್ಜಾರ ಗದ್ದಿಗೆಯಿಂದ ತಂದ ಕಲ್ಲು ಎಂದು ವಠಾರವೆಲ್ಲ ನಂಬಿದೆ. ಅಮಾವಾಸ್ಯೆಗೆ ಹೆಂಗಸರು ಎಡೆ ತಂದಿಡುತ್ತಾರೆ, ಕೂಸು ಹಟ ಹಿಡಿದು ಅತ್ತರೆ ಅದರ ಮುಂದಿನ ವಿಭೂತಿ ಒಯ್ಯುತ್ತಾರೆ.

ಅದು ಗದ್ದಿಗೆಯ ಕಲ್ಲಲ್ಲ. ಹನ್ನೆರಡರ ಮಗನನ್ನು ಕೈಯಲ್ಲಿ, ಕೂಸನ್ನು ಕಂಕುಳಲ್ಲಿ ಹಿಡಿದು ಬಂದ ಮೊದಲ ವಾರ, ತಗಡಿನ ಶೆಡ್ಡಿನಲ್ಲಿ ಕೈಮುಗಿಯಲು ಒಂದು ದೇವರಿಲ್ಲವಲ್ಲ ಎಂದು ಸಂಕಟವಾಗಿ, ಕಂಬಕ್ಕೆ ಸುರಿದಿದ್ದ ಕಲ್ಲಿನ ರಾಶಿಯಿಂದ ಸಿದ್ದಕ್ಕ ಎತ್ತಿಕೊಂಡ ಕಲ್ಲು ಅದು. ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ಅವಳೇ ಇದನ್ನು ಶಾಂಭವಿಗೆ ಹೇಳಿದ್ದಳು. ಆಮೇಲೆ ಎಂದೋ ಶಾಂಭವಿ, “ಆಯಿ, ನೀವು ಹೇಳಿದ್ದನ್ನ ಬರೀಲ್ಯಾ?” ಎಂದು ಕೇಳಿದಾಗ, “ಬರಿ ಯವ್ವಾ, ಬರದ್ರ ನನ್ನ ಗಂಟೇನು ಹೋಗ್ತೈತಿ?” ಎಂದಿದ್ದಳು. ಹೇಳಿದ್ದರಲ್ಲಿ ಯಾವುದನ್ನು ಎಂದು ಆಕೆ ಕೇಳಲಿಲ್ಲ, ಈಕೆ ಬಿಡಿಸಿ ಹೇಳಲಿಲ್ಲ. ಕಥೆಯಲ್ಲಿ ಹೆಸರು ನೀಲವ್ವ ಎಂದು ಬದಲಾಗಿದೆ, ನಿಜ. ಆದರೆ ವಠಾರದವರ ಕಣ್ಣಿಗೆ ಅಷ್ಟು ತೆಳ್ಳನೆಯ ಸೆರಗು ಅಡ್ಡ ಬಂದೀತೇ?

‘ಓದುವವರು ಕೊಯ್ದುಕೊಂಡು ಓದಲಿ’ ಎಂದುಕೊಂಡಳು ಶಾಂಭವಿ. ಅಲ್ಲಿಯವರೆಗೆ ಓದಿದವರು ಹಾಳೆ ಕೂಡಿಕೊಂಡಿದೆ ಎಂದು ಬಂದು ಜಗಳ ತೆಗೆಯುತ್ತಾರಲ್ಲ, ಅದೇ ಓದಿದ್ದಕ್ಕೆ ಸಾಕ್ಷಿ. ಆ ಜಗಳಕ್ಕೆ ಅವಳು ಹೆದರಿದಳು, ಆ ಜಗಳಕ್ಕೇ ಕಾದಳು.

ಬರೆಯುವುದು ಅವಳಿಗೆ ಕೇಳುವುದರಿಂದ ಬಂದ ವಿದ್ಯೆ. ಅಪ್ಪ ಚನಬಸಪ್ಪ ಶ್ರಾವಣದಲ್ಲಿ ಊರ ಗುಡಿಯಲ್ಲಿ ಪುರಾಣ ಓದುತ್ತಿದ್ದ. ಅವನು ರಾಗ ಎತ್ತಿದರೆ ಪುಟ್ಟ ಶಾಂಭವಿ ಕಂಬಕ್ಕೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಪದ ಪದಕ್ಕೂ “ಹೂಂ” ಅನ್ನುತ್ತಿದ್ದಳು. ಬೆಂಗಳೂರಿಗೆ ಬಂದ ಮೇಲೂ ಅದೇ. ಊಟದ ಬೆಲ್ಲಿನಲ್ಲಿ, ನೀರಿನ ಸರದಿಯಲ್ಲಿ, ಕಂಪನಿ ಬಸ್ಸಿನಲ್ಲಿ ಹೆಂಗಸರು ಹೇಳುತ್ತಿದ್ದರು, ಅವಳು ಹೂಂಗುಟ್ಟುತ್ತಿದ್ದಳು. ಹಾಗೆ ಕೇಳಿದ್ದು ಎದೆಯಲ್ಲಿ ಹಿಡಿಸಲಾರದೆ ಮೊಬೈಲಿಗೆ ಇಳಿಯಿತು. ಪ್ರಕಾಶಕರೊಬ್ಬರು “ಮುಂದಿನ ವರ್ಷ ನೋಡೋಣ” ಅಂದರು. ಇನ್ನೊಬ್ಬರು ಫೋನೇ ಎತ್ತಲಿಲ್ಲ. ಆಗ ಗಂಡ ಮುತ್ತಣ್ಣ, ಲೇತ್ ಮಷೀನಿನ ಮುಂದೆ ದಿನವಿಡೀ ಕಬ್ಬಿಣ ಕಡೆಯುವವನು, “ನಮ್ಮ ರೊಟ್ಟಿ ನಾವ ಬಡಕೋತೀವಿ, ನಮ್ಮ ಪುಸ್ತಕ ನಾವ ಮಾಡ್ಕೊಂಡ್ರ ಯಾರ ಅಪ್ಪಂದೇನು ಹೋಗ್ತೈತಿ?” ಅಂದ. ಹಾಗೆ ಪುಸ್ತಕವಾಯಿತು. ಗುರುವಿನ ನೆನಪಿಲ್ಲದೆ ಯಾವ ಕೆಲಸವನ್ನೂ ಸುರು ಮಾಡಬಾರದೆಂದು ಹೊದಿಕೆಯ ಮೇಲೆ ಅವಳು ಅಜ್ಜಾರ ಗದ್ದಿಗೆಯ ಚಿತ್ರ ಹಾಕಿಸಿದಳು. ಒಳಗೆಲ್ಲ ನಲ್ಲಿ, ಕೊಡ, ಕಾರ್ಖಾನೆಯ ಸೈರನ್ನು. ಹೊರಗೆ ಮಾತ್ರ ಗದ್ದಿಗೆ, ನಂದಾದೀಪ. ಎಡವಟ್ಟಾದದ್ದು ಇಲ್ಲೇ. ಆದರೆ ಅದು ಆಗ ತಿಳಿಯಲಿಲ್ಲ.

ಪುಸ್ತಕ ಹೊರಬಂದದ್ದು ಸೋಮವಾರದ ಭಜನೆಯಲ್ಲಿ, ಮನೆಯೊಡತಿ ಕೃಷ್ಣಮ್ಮನ ತಾರಸಿಯ ಮೇಲೆ. ಕೃಷ್ಣಮ್ಮ ಇಲ್ಲಿಯ ಮೂಲದವರು. ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ಮೂರಂತಸ್ತಿನ ವಠಾರ ಎದ್ದಿದೆ. ಭಜನೆ ಮುಗಿದ ಮೇಲೆ ಹಾಡುಗಾರ ಮುರಿಗೆಪ್ಪ ಕಾಕಾ, ಹಗಲು ಗೋದಾಮೊಂದರ ಸೆಕ್ಯೂರಿಟಿ, ಸಂಜೆ ವಠಾರದ ಶಾಸ್ತ್ರಿ, ಪುಸ್ತಕದ ಕಟ್ಟುಗಳಿಗೆ ವಿಭೂತಿ ಹಚ್ಚಿ, “ನಮ್ಮ ಚನಬಸಪ್ಪನ ಮಗಳು ಪುಸ್ತಕ ಬರದಾಳ, ತಗೋಬೇಕು ಎಲ್ಲಾರೂ” ಎಂದು ಸಾರಿದ. ಜನ ಸಾಲುಗಟ್ಟಿದರು. ಎರಡೂ ಕೈಯೊಡ್ಡಿ ತೆಗೆದುಕೊಂಡರು, ಹಣೆಗೆ ಮುಟ್ಟಿಸಿಕೊಂಡರು, ಸೆರಗಲ್ಲಿ ಸುತ್ತಿಕೊಂಡು ಒಯ್ದರು. ಚಪ್ಪಲಿ ಬಿಟ್ಟು ಬಂದು ತೆಗೆದುಕೊಂಡವರೂ ಉಂಟು. ತಾರಸಿಗೆ ತಂದದ್ದೆಲ್ಲ ಆ ಸಂಜೆಯೇ ಖಾಲಿ. ಮನೆಗೆ ಬಂದ ಶಾಂಭವಿಯ ಕಾಲಿಗೆ ನೆಲ ಎಲ್ಲಿದೆ ಎಂದೇ ಗೊತ್ತಾಗುತ್ತಿರಲಿಲ್ಲ.

ಮುಂದಿನ ದಿನಗಳೂ ಹಾಗೇ. ನಲ್ಲಿಯ ಮುಂದೆ ಎದುರುಮನೆಯ ಶೈಲಾ, “ಭಾರಿ ಐತಿ ಬಿಡ ನಿನ್ನ ಪುಸ್ತಕ, ನೋಡಿದ್ರ ಕಣ್ಣ ತುಂಬ್ತೈತಿ” ಅಂದಳು. ಕೃಷ್ಣಮ್ಮ ಮೆಟ್ಟಿಲಲ್ಲಿ ಸಿಕ್ಕು, “ಲಕ್ಷಣವಾಗದೆ ಕಣಮ್ಮಿ, ಮನ್ಗೆ ಒಂದ್ ಕಳೆ ಬಂತು” ಅಂದರು. ಕೂಡಿದ ಹಾಳೆಯ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ. ಎಂಥ ದೊಡ್ಡ ಮನಸ್ಸಿನ ಜನ, ತಪ್ಪನ್ನು ಹೊಟ್ಟೆಗೆ ಹಾಕಿಕೊಂಡರಲ್ಲ ಎಂದು ಶಾಂಭವಿ ಒಳಗೊಳಗೇ ಕರಗಿದಳು. ಇನ್ನೊಂದು ಪುಸ್ತಕಕ್ಕೆ ಹೆಸರು ಕೂಡ ಯೋಚಿಸಿದಳು.

ಅಮಾವಾಸ್ಯೆ ಬಂತು. ಹೋಳಿಗೆಯ ಎಡೆ ಹಿಡಿದುಕೊಂಡು ಅವಳು ಸಿದ್ದಕ್ಕನ ಮನೆಗೆ ಹೋದಳು. ಜಗಲಿಗೆ ಕೈಮುಗಿಯಲು ಬಾಗಿದವಳು ಹಾಗೇ ನಿಂತಳು. ಕರಿಕಲ್ಲಿನ ಪಕ್ಕದಲ್ಲಿ ಅವಳ ಪುಸ್ತಕ. ಹೊದಿಕೆಗೆ ಮೂರೆಳೆ ವಿಭೂತಿ, ನಡುವೆ ಕುಂಕುಮ, ನೆತ್ತಿಯ ಮೇಲೊಂದು ದಾಸವಾಳ. ಹೂವೆತ್ತುವ ನೆಪದಲ್ಲಿ ಅಂಚನ್ನು ಮುಟ್ಟಿ ನೋಡಿದಳು. ಪುಟಗಳು ಅಂಗಡಿಯಿಂದ ಬಂದಂತೆಯೇ ಬಿಗಿಯಾಗಿದ್ದವು.

ಎಡೆ ಕೊಡುವ ನೆಪದಲ್ಲೇ ಶೈಲಾಳ ಮನೆಗೆ ಹೋದಳು. ಜಗಲಿಯ ಮೇಲೆ, ಊದಿನಕಡ್ಡಿಯ ಬೂದಿಯ ಕೆಳಗೆ. ಮುರಿಗೆಪ್ಪನಲ್ಲಿ ಕೆಂಪು ವಸ್ತ್ರದೊಳಗೆ ಗಂಟು. ಕೃಷ್ಣಮ್ಮನ ಮನೆಯಲ್ಲಿ ತಿಮ್ಮಪ್ಪನ ಪಟದ ಪಕ್ಕ ಪ್ಲಾಸ್ಟಿಕ್ ಕವರು ಸಮೇತ, ಮುಂದೆ ಝೀರೋ ಬಲ್ಬು. ಮುಟ್ಟಿ ನೋಡಿದಲ್ಲೆಲ್ಲ ಹಾಳೆ ಕೂಡಿಕೊಂಡೇ ಇದ್ದವು. ದೂರು ಹೇಳದವರು ದೊಡ್ಡ ಮನಸ್ಸಿನವರಾಗಿರಲಿಲ್ಲ, ಪುಸ್ತಕ ತೆರೆಯದವರಾಗಿದ್ದರು!

ಮನೆಗೆ ಬಂದವಳೇ ಮನೆಯಲ್ಲೇ ಉಳಿದಿದ್ದ ಕಟ್ಟುಗಳನ್ನು ಕಾಲಲ್ಲಿ ದೂಡಿದಳು. ಒಡನೆಯೇ ಕಾಲು ತಾಗಿತಲ್ಲ ಎಂದು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

“ಇವನ್ನ ಗುಜರಿಗೆ ಹಾಕ್ರಿ.”

“ಯಾಕ, ಏನಾತು?”

“ಯಾರೂ ಓದಿಲ್ಲರೀ. ಒಬ್ಬರೂ ಇಲ್ಲ. ಪೂಜಾ ಮಾಡ್ಯಾರ.”

ಮುತ್ತಣ್ಣ ರೊಟ್ಟಿ ಮುರಿಯುತ್ತಿದ್ದವನು ಕೈ ತಡೆದ. ನಗು ತಡೆಯುವುದು ಅವನ ಕೈಲಾಗಲಿಲ್ಲ. “ಅಲ್ಲ ಮಾರಾಯ್ತಿ, ಬರಿಯೂವರೆಲ್ಲಾ ಸತ್ತಮ್ಯಾಲೆ ಪಟ ಆಗ್ತಾರ. ಬದುಕಿದ್ದಾಗನ ಹೂವು ಏರಿಸ್ಕೊಂಡಾಕಿ ನೀ ಒಬ್ಬಾಕಿ ನೋಡು!”

“ನಗಬ್ಯಾಡ್ರಿ.”

“ನಗೂದಿಲ್ಲ.” ನಕ್ಕ. ಆಮೇಲೆ ನಿಜವಾಗಿಯೂ ನಗು ಬಿಟ್ಟು ಹೇಳಿದ: “ಹೋಗಿ ಕೇಳು, ಯಾಕ ಓದಿಲ್ಲಂತ. ಹುಟ್ಟಿದಾಗಿಂದ ಹೂಂ ಹೂಂ ಅನಕೋತ ಕುಂತಿ. ಒಮ್ಮೆರ ನೀ ಬಾಯಿ ತೆಗಿ, ಮಂದಿ ಹೂಂ ಅನ್ಲಿ.”

ಮರುದಿನ ಅವಳು ಸಿದ್ದಕ್ಕನ ಮುಂದೆ ಹೋಗಿ ಕೂತಳು. ಸೊಸೆ ಅಲ್ಲೇ ಬಟ್ಟೆ ಮಡಿಸುತ್ತಿದ್ದಳು.

“ಆಯಿ, ಪುಸ್ತಕ ಯಾಕ ಜಗಲಿ ಮ್ಯಾಲೆ ಇಟ್ಟೀರಿ? ಅದು ಓದೂ ಪುಸ್ತಕ.”

“ಮತ್ತ ಎಲ್ಲಿಡಲಿ, ಅಡಗಿ ಒಲಿ ಮ್ಯಾಲೆ ಇಡಲ್ಯಾ?”

“ಹಂಗಲ್ಲ. ಯಾರರೆ ಓದಿ ಹೇಳೂದು... ಸೊಸಿ ಅದಾಳ, ಮೊಮ್ಮಕ್ಕಳು ಅದಾರ...”

ಸಿದ್ದಕ್ಕ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ಅವಳನ್ನು ದಿಟ್ಟಿಸಿದಳು. “ನಿಮ್ಮಪ್ಪ ಪುರಾಣ ಓದತಿದ್ದ ಅಂತಿ. ಮನ್ಯಾಗ ಒಬ್ಬವನ ಕುಂತು, ಒಂದು ಕೈಯಾಗ ಚಾ ಹಿಡ್ಕೊಂಡು ಓದತಿದ್ನೇನ?”

“ಇಲ್ಲ.”

“ಯಾವಾಗ ಹಚ್ಚತಿದ್ದ ಪುರಾಣ?”

“ಶ್ರಾವಣದಾಗ.”

“ಹಾಂ! ಶ್ರಾವಣ ಬಂತೇನು?”

ಸಿದ್ದಕ್ಕ ಎಲೆ ಮಡಿಚಿ ಬಾಯಿಗಿಟ್ಟಳು.

“ಹೊಸಾ ಪುಸ್ತಕ, ಶ್ರಾವಣದಾಗ ಹಚ್ಚೂಣಂತ ಎಲ್ಲಾರೂ ಕೂಡಿ ಎತ್ತಿ ಇಟ್ಟೀವಿ. ಮುರಿಗೆಪ್ಪ ಓದ್ತಾನ. ಅರ್ಥಾ ಹೇಳಾಕ ನೀ ಅದಿ. ಒಬ್ಬಾಕಿ ಮೂಲ್ಯಾಗ ಕುಂತು ಓದಿದ್ರ ಅದೇನು ಓದೇನ? ಕದ್ದು ಬೆಲ್ಲಾ ತಿಂದಂಗ!”

“ಆಯಿ, ಅದು ಪುರಾಣ ಅಲ್ಲ. ಅದರಾಗ ನಲ್ಲಿ ಜಗಳ ಐತಿ.”

“ಪುರಾಣದಾಗ ಜಗಳ ಇಲ್ಲೇನ? ಪುರಾಣ ಅಂದ್ರ ಮೊದಲಿಂದ ಕೊನೀತನಾ ಜಗಳನ.”

ಆ ಗಳಿಗೆಯಲ್ಲಿ ಶಾಂಭವಿಯ ಎದೆ ಹೂವಿನಂತೆ ಅರಳಿತು, ಮರುಗಳಿಗೆಯೇ ಕಣ್ಣು ಜಗಲಿಯ ಕರಿಕಲ್ಲಿನ ಮೇಲೆ ಬಿತ್ತು. ಒಬ್ಬೊಬ್ಬರೇ ಗುಟ್ಟಾಗಿ ಓದಿಕೊಂಡಿದ್ದರೆ ಮಾತು ಬೇರೆ. ಇಡೀ ವಠಾರ ಕೂತು, ಮುರಿಗೆಪ್ಪ ರಾಗವೆತ್ತಿ, ಕರಿಕಲ್ಲಿನ ನಿಜವನ್ನು ತಾರಸಿಯ ಮೇಲಿಂದ ಸಾರಿದರೆ? ಹೇಳಿಬಿಡಬೇಕೆಂದು ನಾಲಿಗೆಯ ತುದಿಗೆ ಬಂತು. ಸೊಸೆ ಮಡಿಸಿದ ಬಟ್ಟೆಯನ್ನು ಮತ್ತೆ ಬಿಡಿಸಿ ಮಡಿಸುತ್ತ ಕಿವಿಯಾಗಿ ಕೂತಿದ್ದಳು. ಶಾಂಭವಿ ಎದ್ದುಬಂದಳು.

ಶ್ರಾವಣ ಬಂತು, ತಾರಸಿಗೆ ಜಮಖಾನೆ ಬಿತ್ತು. ಮುರಿಗೆಪ್ಪ ಯೂನಿಫಾರ್ಮ್ ಕಳಚಿ, ಮಡಿಯುಟ್ಟು, ಪುಸ್ತಕವನ್ನು ವ್ಯಾಸಪೀಠದ ಮೇಲಿಟ್ಟ. ಅವನಿಗೆ ಗದ್ಯವನ್ನು ಗದ್ಯದಂತೆ ಓದಲು ಬಾರದು. ಓದುವುದೆಂದರೆ ಅವನಿಗೆ ರಾಗ. “ನಲ್ಲಿಯ ಮುಂದೇ... ಕೊಡಗಳ ಸಾಲೂ... ಸೂರ್ಯ ಮೂಡುವ ಮೊದಲೇ ನಿಂತಿತ್ತೂ...” ಎಂದು ಅವನು ಎಳೆದಾಗ ಶಾಂಭವಿಗೆ ನಾಚಿಕೆಯಿಂದ ಬೆವರಿತು. ಎರಡು ಪುಟ ದಾಟುವಷ್ಟರಲ್ಲಿ ಬೆವರು ಆರಿತು. ತಾನು ಬರೆದ ಸಾಲುಗಳಿಗೆ ಉಸಿರು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲುತ್ತಿತ್ತು. ಅಪ್ಪನ ದನಿ ಕೇಳುತ್ತ ಕಟ್ಟಿದ ಸಾಲುಗಳಲ್ಲವೇ, ರಾಗಕ್ಕೆ ಹೊಸತಲ್ಲವೆಂಬಂತೆ ಒಗ್ಗಿಕೊಂಡವು.

“ಅರ್ಥಾ ಹೇಳವ್ವಾ” ಎಂದ ಮುರಿಗೆಪ್ಪ.

ಅವಳು ಮೊದಲ ಸಲ ಹತ್ತು ಜನರ ಮುಂದೆ ಬಾಯಿ ತೆರೆದಳು. ದನಿ ನಡುಗಿತು. ಅಷ್ಟರಲ್ಲಿ ಶೈಲಾ ನಡುವೆ ಬಾಯಿ ಹಾಕಿದಳು.

“ನಿಂದ್ರು ನಿಂದ್ರು! ಆ ಹಸರ ಕೊಡಾ ನಂದಲ್ಲಾ? ನಾ ಎಲ್ಲಿ ಹಂಗ ಬೈದಿದ್ದೆ?”

“ಇನ್ನೂ ಜೋರ ಬೈದಿದ್ದಿ” ಎಂದಿತು ಹಿಂದಿನ ಸಾಲು. “ಶಾಂಭವಿ ಕಡಿಮಿ ಮಾಡಿ ಬರದಾಳ.”

ಕೃಷ್ಣಮ್ಮ ಕುರ್ಚಿಯಿಂದ ಮುಂದಕ್ಕೆ ಬಾಗಿದರು. “ಇದ್ಯಾರಮ್ಮಿ ಇದು, ಮೋಟ್ರು ಆಫ್ ಮಾಡೋಳು? ನಾನಾ?”

“ಅಲ್ಲಮ್ಮಾ, ಕಥಿಯೊಳಗಿನಾಕಿ.”

“ಅಂಗಾದ್ರೆ ಸರಿ. ಆದ್ರೂ ಅವ್ಳು ಮಾಡಿದ್ದೇನೂ ತೆಪ್ಪಲ್ಲ ಬುಡು. ಟ್ಯಾಂಕ್ರು ತರ್ಸಿ ನೋಡ್ಲಿ, ಗೊತ್ತಾಯ್ತದೆ!”

ತಾರಸಿ ನಗೆಯಲ್ಲಿ ಮುಳುಗಿತು. ಅಲ್ಲಿಂದ ಮುಂದೆ ಶಾಂಭವಿಯ ದನಿ ನಡುಗಲಿಲ್ಲ. ಸಂಜೆ ಸಂಜೆಗೂ ಜನ ಹೆಚ್ಚಿದರು, ಪಕ್ಕದ ವಠಾರದವರೂ ಗೋಡೆಗೆ ಒರಗಿದರು. ಅರ್ಥ ಹೇಳಹೇಳುತ್ತ ಅವಳಿಗೆ ಬರೆಯದೆ ಬಿಟ್ಟದ್ದೂ ನೆನಪಾಗುತ್ತಿತ್ತು, ಅದನ್ನೂ ಹೇಳುತ್ತಿದ್ದಳು. ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಗದರಿದಾಗ ಒಮ್ಮೆ ತಿರುಗಿ ಜವಾಬು ಕೊಟ್ಟು, ತನ್ನ ದನಿಗೆ ತಾನೇ ಬೆರಗಾದಳು. ಪ್ರತಿ ಸಂಜೆ ಪುಸ್ತಕದ ಎಡಬದಿ ದಪ್ಪವಾಗುತ್ತಿತ್ತು, ನಡು ಹತ್ತಿರವಾಗುತ್ತಿತ್ತು.

ಆ ಸಂಜೆ ಮುರಿಗೆಪ್ಪನ ಬೆರಳು ತಡೆಯಿತು.

“ಇದೇನವ್ವಾ, ಹಾಳಿ ಕೂಡ್ಯಾವಲ್ಲ?” ಎತ್ತಿ ಬೆಳಕಿಗೆ ಹಿಡಿದ. “ಬಿಡು, ಇದನ್ನ ದಾಟಿ ಮುಂದಿಂದು ಓದಲ್ಯಾ?”

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಜೀವಮಾನವೆಲ್ಲ ಅಂದಂಥದೇ ಇನ್ನೊಂದು ಹೂಂ. ಅಚ್ಚಿನ ತಪ್ಪು ಅವಳ ಮರ್ಯಾದೆಯನ್ನೂ ಸಿದ್ದಕ್ಕನ ಮರ್ಯಾದೆಯನ್ನೂ ಒಟ್ಟಿಗೇ ಕಾಯುತ್ತಿತ್ತು. ಆದರೆ ಇಷ್ಟು ಸಂಜೆಗಳಲ್ಲಿ ಯಾರ ಜಗಳ, ಯಾರ ಅಳು ಮುಚ್ಚಿಟ್ಟಿದ್ದೇನೆ? ಬರೆದದ್ದರಲ್ಲಿ ಅತ್ಯಂತ ಜೀವ ಸುರಿದದ್ದು ಇದಕ್ಕೇ. ಇದನ್ನು ದಾಟಿಹೋದರೆ ಪುಸ್ತಕ ಜಗಲಿಯಿಂದ ಇಳಿದೂ ಇಳಿಯದಂತೆಯೇ. ಹಾಗೆಂದು ಕೊಯ್ಯುವ ಹಕ್ಕು ತನ್ನದೂ ಅಲ್ಲ.

ಶಾಂಭವಿ ಎದ್ದಳು. ಕೀಲಿಕೈ ಗೊಂಚಲಿನಿಂದ ಟ್ರಿಮ್ಮರ್ ಬಿಚ್ಚಿದಳು. ಪುಸ್ತಕವನ್ನೂ ಅದನ್ನೂ ಒಯ್ದು ಸಿದ್ದಕ್ಕನ ಮಡಿಲಿನಲ್ಲಿಟ್ಟಳು.

“ಆಯಿ, ಇದರಾಗ ನೀವು ಹೇಳಿದ್ದೈತಿ. ಬರೀಲ್ಯಾ ಅಂತ ಕೇಳಿದ್ದೆ, ಯಾವುದು ಅಂತ ಹೇಳಿರಲಿಲ್ಲ. ಅದು ನನ್ನ ತಪ್ಪು. ಕೊಯ್ಯೂದು, ಬಿಡೂದು ನಿಮಗ ಬಿಟ್ಟಿದ್ದು.”

ಸಿದ್ದಕ್ಕ ಹಾಳೆಯ ಮಡಿಕೆಯನ್ನು ಹೆಬ್ಬೆರಳಿನಿಂದ ಸವರಿದಳು. “ಅಕ್ಕಿ ಆರಸೂ ದಿನಾ ಹೇಳಿದ್ದೇನ?”

“ಹೌದ್ರಿ.”

ದೂರದಲ್ಲಿ ಮೇಲ್ಸೇತುವೆಯ ಮೇಲೆ ಲಾರಿಗಳು ಗುಂಯ್ಗುಡುತ್ತಿದ್ದವು. ಸಿದ್ದಕ್ಕ ಒಂದು ಗಳಿಗೆ ಆ ಸದ್ದಿನ ಕಡೆ ಕಿವಿಗೊಟ್ಟಳು. ಆಮೇಲೆ ಟ್ರಿಮ್ಮರ್ ಎತ್ತಿಕೊಂಡು, ಬೀನ್ಸ್‌ ತೊಟ್ಟು ಮುರಿಯುವಷ್ಟು ಸಲೀಸಾಗಿ, ಮಡಿಕೆಗಳನ್ನು ಒಂದೊಂದಾಗಿ ಸೀಳಿದಳು. ಪುಸ್ತಕವನ್ನು ಮುರಿಗೆಪ್ಪನಿಗೆ ದಾಟಿಸಿದಳು.

“ಓದಪಾ. ಕೆಮ್ಮಬ್ಯಾಡ ನಡುವ.”

ಮುರಿಗೆಪ್ಪ ಓದಿದ. ನೀಲವ್ವ ಊರು ಬಿಟ್ಟದ್ದು, ತಗಡಿನ ಶೆಡ್ಡು, ರಾತ್ರಿಯೆಲ್ಲ ಅತ್ತ ಕೂಸು, ಕೈಮುಗಿಯಲು ಏನೂ ಇಲ್ಲದ ಬೆಳಗು. ಕಲ್ಲಿನ ರಾಶಿ. ಅದರಲ್ಲೊಂದು ಕರಿಕಲ್ಲು. ಅಲ್ಲಿ ಶಾಂಭವಿ ಮೂರು ಸಾಲಿನ ಒಂದು ಪದ ಕಟ್ಟಿದ್ದಳು. ಮುರಿಗೆಪ್ಪ ಅದಕ್ಕೆ ಬೇರೆಯೇ ರಾಗ ಹಿಡಿದ:

ಕಲ್ಲೀಗೆ ಕಣ್ಣಿಲ್ಲ ಕಲ್ಲೀಗೆ ಬಾಯಿಲ್ಲ
ಕಲ್ಲೆದುರು ಕುಂತು ಅತ್ತಾಕಿ | ಎದಿಯಾಗ
ಎಲ್ಲಾನು ಕೇಳೂ ಕಿವಿ ಐತಿ

ಯಾರೂ ಹೂಂ ಅನ್ನಲಿಲ್ಲ. ಸೊಸೆಯ ಕಣ್ಣು ಅತ್ತೆಯ ಮೇಲಿತ್ತು, ಹೆಂಗಸರ ಕಣ್ಣು ನೆಲದ ಮೇಲಿತ್ತು. ಅರ್ಥ ಹೇಳಬೇಕಾದ ಶಾಂಭವಿ ಸಿದ್ದಕ್ಕನತ್ತ ತಿರುಗಿದಳು.

“ಒಂದು ತಪ್ಪೈತಿ” ಎಂದಳು ಸಿದ್ದಕ್ಕ.

ಶಾಂಭವಿ ಅವಳ ಹತ್ತಿರಕ್ಕೆ ಸರಿದು ಕೂತಳು.

“ಮುಂಜಾನಿ ಎತ್ತಿಕೊಂಡ್ಲು ಅಂತ ಬರದೀ. ಮುಂಜಾನಿ ಅಲ್ಲ, ಹೊತ್ತು ಮುಳುಗೂ ಮುಂದ. ಮೇಸ್ತ್ರಿ ಮಾರಿ ತಿರುವಿದ್ದ. ಸೆರಗಿನ್ಯಾಗ ಹಾಕ್ಕೊಂಡು ಓಡಿ ಬಂದಿದ್ದೆ.” ಅವಳು ಎಲ್ಲರ ಮುಖಗಳನ್ನೂ ಒಂದು ಸುತ್ತು ನೋಡಿದಳು. “ಗದ್ದಿಗಿ ಕಲ್ಲು ಅಂತ ನಾ ಎಂದೂ ಅಂದಿಲ್ಲ. ನೀವ ಅಂದ್ರಿ, ನಾ ಸುಮ್ಮನಿದ್ದೆ. ಸುಮ್ಮನಿದ್ದದ್ದು ಭಾಳ ವರ್ಷ ಆತು, ಸಾಕು.”

ಮೊದಲು ಬಾಯಿ ಬಿಟ್ಟವಳು ಶೈಲಾ.

“ಅಲ್ಲಾ ಆಯಿ, ಹಂಗಾರ ಅದರ ಅಣ್ಣತಮ್ಮರೆಲ್ಲಾ ಆ ಕಂಬದಾಗ ಅದಾವಂತಾತು. ಇನ್ನ ಮ್ಯಾಲೆ ಬಸ್ಸಿನ್ಯಾಗ ಅಲ್ಲಿ ಹಾದು ಹೋಗುವಾಗ ದಿನಾ ಕೈ ಮುಗೀಬೇಕಾತಲ್ಲ!”

“ಮುಗೀರಿ ಮತ್ತ. ನಾ ಹೊತ್ತದ್ದು ಅವನ್ನ.”

ಕೃಷ್ಣಮ್ಮ ಮೊದಲು ನಕ್ಕರು. “ನನ್ ಮೊಮ್ಮಗೀಗೆ ಅದ್ರು ಮುಂದ್ಲ ಇಬೂತಿನೇ ಕಣ್ರವ್ವಾ ಹಿಡಿದಿದ್ದು. ಎಲ್ಲೀ ಕಲ್ಲಾದ್ರೇನು, ಇಪ್ಪತ್ ವರ್ಸ ಕೈ ಮುಗ್ದವ್ಳಲ್ಲ, ಅದ್ಕೇನು ಬೆಲೆ ಇಲ್ವಾ?” ನಗು ಒಬ್ಬರಿಂದೊಬ್ಬರಿಗೆ ದಾಟಿತು. ಸೊಸೆ ಮಾತ್ರ ನಗದೆ ಹತ್ತಿರ ಸರಿದು, ಅತ್ತೆಯ ಕಾಲ ಮೇಲಿನ ಸೆರಗನ್ನು ಸರಿಮಾಡಿದಳು.

ಮುಂದಿನ ಸಂಜೆ ಹೆಂಗಸರು ಬರಿಗೈಯಲ್ಲಿ ಬರಲಿಲ್ಲ. ಒಬ್ಬೊಬ್ಬರ ಕೈಯಲ್ಲೂ ಜಗಲಿಯಿಂದ ಇಳಿಸಿದ ಪುಸ್ತಕವಿತ್ತು, ಹೊದಿಕೆಗೆ ಮೆತ್ತಿದ ಕುಂಕುಮ ಇನ್ನೂ ಅಂಟಿಕೊಂಡೇ ಇತ್ತು. ಟ್ರಿಮ್ಮರ್ ಒಂದೇ. ಅದು ಕೈಯಿಂದ ಕೈಗೆ ಹೋಯಿತು. ಕಚ್, ಕಚ್ ಎಂದು ತಾರಸಿಯ ತುಂಬ ಹಾಳೆ ಬಿಚ್ಚಿಕೊಂಡವು. ಶೈಲಾ ಓರೆಯಾಗಿ ಕೊಯ್ದಳು, ಯಾರೋ ಅಕ್ಷರದವರೆಗೂ ಹರಿದರು, ಕೃಷ್ಣಮ್ಮ ಕವರಿನ ಮೇಲೆಯೇ ಕತ್ತರಿಯಾಡಿಸಿ ಬೈಸಿಕೊಂಡರು. ಕಾರ್ಖಾನೆಯ ಮೇಜಾಗಿದ್ದರೆ ಒಂದು ಪ್ರತಿಯೂ ಪಾಸಾಗುತ್ತಿರಲಿಲ್ಲ. ಶಾಂಭವಿ ಪೆನ್ನು ತೆಗೆದು, ತನ್ನ ಪ್ರತಿಯಲ್ಲಿ ‘ಮುಂಜಾನೆ’ಯನ್ನು ಹೊಡೆದು ‘ಹೊತ್ತು ಮುಳುಗುವ ಮುಂದೆ’ ಎಂದು ಬರೆದುಕೊಂಡಳು.

ಸಿದ್ದಕ್ಕ ಬಾಯೊಳಗಿನ ಎಲೆಯಡಿಕೆಯನ್ನು ಒಂದು ಬದಿಗೆ ಸರಿಸಿ, ಅವಳತ್ತ ಗದ್ದ ಎತ್ತಿದಳು.

“ಹೂಂ. ಮುಂದ?”